ರಾಮಮ್ಮನ ಹದಿನೆಂಟು ಒಗರು ಮರಗಳು

ಅತ್ತಿಗುಂಡಿಯ ಎಸ್ಟೇಟೊಂದರ ಬಂಗಲೆಯ ಹಿಂದೆ, ಎಂದೋ ಯಾವನೋ ಬಿಳಿ ದೊರೆ ನೆಡಿಸಿದ ಮೂರು ಪರ್ಸಿಮನ್ ಮರಗಳಿದ್ದವು. ಟೊಮೆಟೊದಂತೆ ಕಾಣುವ ಅದರ ಹಣ್ಣನ್ನು ಆಳುಗಳು ದೊರೆಹಣ್ಣು ಅನ್ನುತ್ತಿದ್ದರು. ಎರಡು ಮರದ ಹಣ್ಣು ಕಚ್ಚಿದರೆ ನಾಲಿಗೆ ಮರಗಟ್ಟುವಷ್ಟು ಒಗರು. ಮೂರನೆಯದು ಮಾತ್ರ ಗಟ್ಟಿಯಿರುವಾಗಲೇ ಸಿಹಿ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯಲು 1998ರಲ್ಲಿ ತುಂಗಾ ಅಲ್ಲಿಗೆ ಬಂದಳು. ಕಳಸದ ಮೇಷ್ಟರೊಬ್ಬರ ಮಗಳು. ಪಿಎಚ್‌ಡಿಗೆ ಸೇರಿ ಆರು ತಿಂಗಳಾಗಿತ್ತು.

ಮರಗಳನ್ನು ತೋರಿಸಿದವಳು ರಾಮಮ್ಮ, ಅದೇ ಎಸ್ಟೇಟಿನ ಆಳು. ಗಂಡ ಸತ್ತಿದ್ದ. ಬೆಟ್ಟದ ರಸ್ತೆಯ ಪಕ್ಕ ಅವಳದೇ ಅರ್ಧ ಎಕರೆ ಕಾಫಿ ಇತ್ತು.

"ಈ ಸಿಹಿ ಹಣ್ಣು ನನ್ ಜಾಗದಲ್ಲಿ ಬೆಳೆದ್ರೆ ಬೆಟ್ಟ ನೋಡಕ್ಕೆ ಬರೋರು ಗಾಡಿ ನಿಲ್ಸಿ ತಗಳಲ್ವಾ ಮೇಡಮ್ಮೋರೆ? ಒಂದಿಷ್ಟು ಕಸಿ ಕಟ್ಟಿಸ್ಕೊಡಿ."

ಕಸಿ ಕಟ್ಟಿದ್ದರೆ ತಾಯಿಮರದ ಗುಣವೇ ಬರುತ್ತಿತ್ತು. ಆದರೆ ತುಂಗಾಳ ಅಧ್ಯಯನಕ್ಕೆ ಬೇಕಾಗಿದ್ದುದು ಆ ಮರದ ಬೀಜದಿಂದೆದ್ದ ಗಿಡಗಳು. ಅವನ್ನು ಬೆಳೆಸಲು ಅವಳಿಗೆ ಎಲ್ಲೂ ಜಾಗ ಸಿಕ್ಕಿರಲಿಲ್ಲ.

"ಬೀಜದ ಗಿಡಾನೇ ಹಾಕಿ ರಾಮಮ್ಮ. ಗಟ್ಟಿಮುಟ್ಟಾಗಿ ಬರ್ತವೆ."

"ಹಣ್ಣು ಸಿಹೀನೇ ಬರ್ತದಾ?"

"ಬರ್ತದೆ."

ಪಕ್ಕದ ಒಗರು ಮರಗಳ ಪರಾಗ ಬಿದ್ದಿದ್ದರೆ ಸಿಹಿ ಅಡಗಿಹೋಗಬಹುದು ಎಂದು ತುಂಗಾ ಓದಿದ್ದಳು. ಅದು ನಿಜವೇ ಎಂದು ನೋಡುವುದೇ ಅವಳ ಕೆಲಸವಾಗಿತ್ತು.

ರಾಮಮ್ಮ ಕಾಫಿ ಗಿಡ ಕಿತ್ತು ಹದಿನೆಂಟು ಸಸಿ ನೆಟ್ಟಳು. ಬೇಸಿಗೆಯಲ್ಲಿ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತಳು. ತುಂಗಾ ವರ್ಷಕ್ಕೆರಡು ಸಲ ಬಂದು ಪರೀಕ್ಷೆಗೆಂದು ಎಲೆ ಕಿತ್ತು ಐಸಿನ ಡಬ್ಬದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಬಂದಾಗಲೆಲ್ಲ ರಾಮಮ್ಮ ಅಕ್ಕಿರೊಟ್ಟಿ ತಟ್ಟಿಕೊಟ್ಟು, ಬುತ್ತಿಯನ್ನೂ ಕಟ್ಟಿಕೊಡುತ್ತಿದ್ದಳು.

2004ರಲ್ಲಿ ಎಸ್ಟೇಟು ಕೈ ಬದಲಾಯಿತು. ಹೊಸಬರು ಹೋಂಸ್ಟೇ ಮಾಡಿ, ಕಾರು ನಿಲ್ಲಿಸಲೆಂದು ಬಂಗಲೆಯ ಹಿಂದಿನ ಮೂರೂ ಮರ ಕಡಿಸಿದರು. ತುಂಗಾ ಬರುವಷ್ಟರಲ್ಲಿ ಕಸಿಗೆಂದು ಒಂದು ಕಡ್ಡಿಯೂ ಉಳಿದಿರಲಿಲ್ಲ.

"ಹೋಗ್ಲಿ ಬಿಡಿ ಮೇಡಮ್ಮೋರೆ," ಎಂದು ರಾಮಮ್ಮನೇ ಸಮಾಧಾನ ಹೇಳಿದಳು. "ಅದರ ಮಕ್ಳು ನಮ್ಮನೇಲಿ ಅವೆಯಲ್ಲ."

2007ರ ಅಕ್ಟೋಬರಿನಲ್ಲಿ ಹದಿನೆಂಟೂ ಮರ ಹಣ್ಣು ಹಿಡಿದವು. ತುಂಗಾ ಬರುವವರೆಗೆ ರಾಮಮ್ಮ ಒಂದನ್ನೂ ಬಾಯಿಗಿಟ್ಟಿರಲಿಲ್ಲ. ಇಬ್ಬರೂ ಮೊದಲ ಮರದ ಕೆಳಗೆ ನಿಂತರು. ರಾಮಮ್ಮ ಹಣ್ಣು ಹೆಚ್ಚಿ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ಉಗಿದಳು.

"ಇದೊಂದು ಹಿಂಗಿರ್ಬೇಕು," ಎಂದು ಮುಂದಿನ ಮರಕ್ಕೆ ಹೋದಳು. ಅದೂ ಹಾಗೆಯೇ. ಹತ್ತನೆಯ ಮರದ ಹೊತ್ತಿಗೆ ಅವಳಿಗೆ ರುಚಿಯೇ ತಿಳಿಯದಾಗಿ, ಉಳಿದವನ್ನು ತುಂಗಾ ಒಬ್ಬಳೇ ತಿಂದು ನೋಡಿದಳು. ಒಂದೂ ಸಿಹಿಯಿರಲಿಲ್ಲ. ಪೂರಾ ಕಳಿತು ಮೆತ್ತಗಾದರೆ ಇವುಗಳ ಒಗರೂ ಹೋಗುತ್ತದೆ. ಆದರೆ ಅಷ್ಟರವರೆಗೆ ಮಂಗಗಳು ಬಿಡುವುದಿಲ್ಲ, ಬಿಟ್ಟರೂ ಅಂಥ ಹಣ್ಣನ್ನು ಬುಟ್ಟಿಯಲ್ಲಿಟ್ಟು ಮಾರುವಂತಿಲ್ಲ.

"ಯಾಕ್ ಹಿಂಗಾಯ್ತು?"

ತುಂಗಾ ಕಲ್ಲಿನ ಮೇಲೆ ಕೂತಳು. "ಹಣ್ಣಿನೊಳಗೆ ಒಂದು ಜೀನ್ ಮೇಸ್ತ್ರಿ ಥರ ಇರ್ತದೆ ರಾಮಮ್ಮ. ಅದು ಕೂಗಿದ್ರೆ ಉಳಿದ ಜೀನ್‌ಗಳೆಲ್ಲ ಎದ್ದು ಟ್ಯಾನಿನ್ ಮಾಡ್ತವೆ. ಅದೇ ಒಗರು. ಸಿಹಿ ಮರದಲ್ಲಿ ಕಾಯಿ ಎಳೇದಿರುವಾಗ್ಲೇ ಆ ಮೇಸ್ತ್ರಿ ಸುಮ್ಮನಾಗ್ಬಿಡ್ತಾನೆ. ಆದ್ರೆ ಒಗರು ಮರದ ಕಡೆಯಿಂದ ಕೂಗೋ ಮೇಸ್ತ್ರಿ ಒಬ್ಬ ಬಂದ್ರೂ ಸಾಕು, ಕೆಲಸ ನಿಲ್ಲಲ್ಲ."

"ಇದು ನಿಮಗೆ ಈಗ ಗೊತ್ತಾಯ್ತಾ?"

ಹೌದು ಎನ್ನಬಹುದಿತ್ತು. "ಮೊದಲೇ ಅನುಮಾನ ಇತ್ತು," ಎಂದಳು ತುಂಗಾ.

"ನಾನು ಕೇಳಿದ್ದು ಒಂದೇ ಮಾತು ಮೇಡಮ್ಮೋರೆ. ಬರ್ತದೆ ಅಂದ್ರಿ."

ರಾಮಮ್ಮ ಚೂರಿಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಅಂದು ರೊಟ್ಟಿ ತಟ್ಟಲಿಲ್ಲ. ತುಂಗಾ ಪ್ರತಿ ಮರದ ಹಣ್ಣನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ನಂಬರು ಬರೆದುಕೊಂಡು ಬಸ್ಸು ಹತ್ತಿದಳು. ಇಷ್ಟು ಸ್ಪಷ್ಟವಾದ ಫಲಿತಾಂಶ ಅಪರೂಪ ಎಂದು ಗೈಡು ಬೆನ್ನು ತಟ್ಟಿದರು. ಹತ್ತು ವರ್ಷ ಎಳೆದ ಪಿಎಚ್‌ಡಿ ಕೊನೆಗೂ ಬಂತು. ಮೂಡಿಗೆರೆಯ ಕಡೆ ಕೆಲಸವೂ ಸಿಕ್ಕಿತು.

ಎರಡು ವರ್ಷದ ನಂತರ ಅವಳು ಉತ್ತರ ಭಾರತದಿಂದ ಸಿಹಿ ಜಾತಿಯ ನಾಲ್ಕು ಕಸಿ ಗಿಡ ತರಿಸಿಕೊಂಡು ಅತ್ತಿಗುಂಡಿಗೆ ಹೋದಳು. ಹದಿನೆಂಟೂ ಮರಗಳನ್ನು ರಾಮಮ್ಮ ಬುಡಸಮೇತ ಕಡಿಸಿದ್ದಳು. ಕಾಫಿ ಸಸಿಗಳ ನಡುವೆ ರಾಮಮ್ಮ ಕಳೆ ತೆಗೆಯುತ್ತಿದ್ದಳು. ತುಂಬಾ ಸೊರಗಿದ್ದಳು.

"ಇವು ಕಸಿ ಗಿಡ ರಾಮಮ್ಮ. ಸಿಹೀನೇ ಬರ್ತದೆ, ಈ ಸಲ ನಿಜವಾಗ್ಲೂ."

ರಾಮಮ್ಮ ಗಿಡಗಳನ್ನು ನೋಡಿದಳು, ಮುಟ್ಟಲಿಲ್ಲ.

"ಜಾಗ ಇಲ್ಲ ಮೇಡಮ್ಮೋರೆ," ಎಂದು ಮತ್ತೆ ಕಳೆಗೆ ಬಗ್ಗಿದಳು.