ಹನ್ನೊಂದು ವರ್ಷದ ಹೊಸಬಳು

"ಅಲ್ಲಿ ಬರೀಬೇಡಮ್ಮ, ಅದನ್ನ ನಾವು ತುಂಬ್ಕೋತೀವಿ," ಎಂದು ಗುಮಾಸ್ತ ಅರ್ಜಿಯ ಮೇಲೆ ಬೆರಳಿಟ್ಟ. ಬೆರಳು ಮುಚ್ಚಿದ್ದು ಒಂದೇ ಸಾಲನ್ನು: ಕೆಲಸಕ್ಕೆ ಸೇರಿದ ದಿನಾಂಕ.

ಇಸ್ತ್ರಿಯವಳು ಪೆನ್ನನ್ನು ಎತ್ತಿದಳು. ಕೆಳಗಿಡಲಿಲ್ಲ.

ಲಾಂಡ್ರಿಯ ಹೆಂಗಸರೆಲ್ಲ ಅವಳ ಹಿಂದೆ ಅರ್ಜಿ ಹಿಡಿದು ನಿಂತಿದ್ದರು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸುವ ಕೆಲಸ; ಎಲ್ಲರೂ ದಿನಗೂಲಿಯವರು. ಬೆಳಿಗ್ಗೆ ಮಾಲೀಕರೇ ಬಂದು ಎಲ್ಲರನ್ನೂ ಖಾಯಂ ಮಾಡುವುದಾಗಿ ಹೇಳಿದ್ದರು. "ಏಯ್" ಎಂದು ಮಾತ್ರ ಕರೆಯುತ್ತಿದ್ದವರ ಬಾಯಲ್ಲಿ ಇವತ್ತು "ತಾಯಂದಿರೇ" ಬಂದಿತ್ತು. ಅವಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

"ಇದ್ದಕ್ಕಿದ್ದ ಹಾಗೆ ನಮ್ಮ ಮೇಲೆ ಯಾಕೆ ಸಾರ್ ಪ್ರೀತಿ?"

"ಸರ್ಕಾರದ ಹೊಸ ಯೋಜನೆ. ಒಬ್ಬೊಬ್ಬರನ್ನ ಖಾಯಂ ತಗೊಂಡ್ರೂ ಮಾಲೀಕರಿಗೆ ತೆರಿಗೇಲಿ ವಿನಾಯಿತಿ. ಬಡವರಿಗೆ ಕೆಲಸ, ಅವರಿಗೆ ಉಳಿತಾಯ. ಇಬ್ಬರಿಗೂ ಲಾಭ."

"ಹಾಗಾದ್ರೆ ಕಳ್ಕೊಳ್ಳೋ ಮೂರನೆಯವರು ಯಾರು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೊದಲೇ ಸಹಿ ಹಾಕಿ ಗೋಡೆಗೊರಗಿ ನಿಂತಿದ್ದ ನಾದಿನಿ ಹತ್ತಿರ ಬಂದಳು. "ಅತ್ತಿಗೆ, ಮೊಸರಲ್ಲಿ ಕಲ್ಲು ಹುಡುಕಬೇಡ. ಅಣ್ಣನ ಕೆಲಸ ಹೋಗಿ ಮೂರು ತಿಂಗಳಾಯ್ತು. ಸುಮ್ನೆ ಸಹಿ ಹಾಕು."

ಅವಳ ಕೊರಳಲ್ಲಿ ಹೊಸ ಕಾರ್ಡು ತೂಗುತ್ತಿತ್ತು. ಇಸ್ತ್ರಿಯವಳು ಅದನ್ನು ಹಿಡಿದು ಓದಿದಳು. ಸೇರಿದ ದಿನಾಂಕದ ಮುಂದೆ ಇವತ್ತಿನ ತಾರೀಖು.

"ಆರು ವರ್ಷದ ಹಿಂದೆ ನಾನೇ ಕೈಹಿಡಿದು ಕರ್ಕೊಂಡ್ ಬಂದೆನಲ್ಲೇ ನಿನ್ನ. ಇವತ್ತು ಹುಟ್ಟಿದೆಯಾ?"

"ಕಾರ್ಡು ಕೊಟ್ಟಿದ್ದು ಇವತ್ತಲ್ವಾ, ಅದಕ್ಕೇ ಇರಬೇಕು."

ಅದರ ಕೆಳಗೆ ಇನ್ನೊಂದು ಪದವಿತ್ತು: ಮೇಲ್ವಿಚಾರಕಿ.

"ಬಟ್ಟೆ ಮಡಚೋಳು ಯಾವಾಗ ಮೇಲ್ವಿಚಾರಕಿ ಆದೆ?"

"ಬೆಳಿಗ್ಗೆ," ಎಂದಳು ನಾದಿನಿ, ನೆಲ ನೋಡುತ್ತ.

ಇಸ್ತ್ರಿಯವಳು ಗುಮಾಸ್ತನ ಕಡೆ ತಿರುಗಿದಳು. ಅವನು ದನಿ ತಗ್ಗಿಸಿದ. "ನೋಡಮ್ಮ, ವಿನಾಯಿತಿ ಇರೋದು ಹೊಸಬರನ್ನ ಸೇರಿಸ್ಕೊಂಡ್ರೆ ಮಾತ್ರ. ಹಳಬರನ್ನ ಖಾಯಂ ಮಾಡಿದ್ರೆ ಮಾಲೀಕರಿಗೇನೂ ಇಲ್ಲ. ಅದಕ್ಕೇ ಎಲ್ಲರೂ ಇವತ್ತೇ ಸೇರಿದ ಹಾಗೆ. ಕಾಗದದಲ್ಲಿ ಅಷ್ಟೇ."

"ನನ್ನ ಹನ್ನೊಂದು ವರ್ಷ? ನಾಳೆ ಕೈಲಾಗದೆ ಮನೇಲಿ ಕೂತಾಗ ಸೇವೆ ಎಷ್ಟು ಅಂತ ಕೇಳೋದೂ ಕಾಗದಾನೇ ಅಲ್ವಾ?"

"ಸಹಿ ಹಾಕದೋರಿಗೆ ಸೋಮವಾರದಿಂದ ಕೆಲಸ ಇಲ್ಲ. ಇದು ನನ್ನ ಮಾತಲ್ಲ."

ಅವನು ಒಳ್ಳೆಯವನೇ ಇರಬಹುದು. ಅವನಿಗೂ ಇವತ್ತು ಹೊಸ ಕಾರ್ಡು ಸಿಕ್ಕಿರಬಹುದು. ಅವನ ಕೊರಳನ್ನು ನೋಡಿದಳು; ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಿದ್ದ, ಒಳಗೆ ಕಾರ್ಡು ಇದ್ದರೂ ಕಾಣುವಂತಿರಲಿಲ್ಲ.

"ಹನ್ನೊಂದು ವರ್ಷದ ಹೊಸಬಳು ನಾನು," ಎಂದಳು. "ಮುದುಕಿಯನ್ನ ತೊಟ್ಟಿಲಿಗೆ ಹಾಕಿದ ಹಾಗಾಯ್ತು."



ಅವನ ಬೆರಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಖಾಲಿ ಸಾಲಿನಲ್ಲಿ ದಿನ, ತಿಂಗಳು, ಹನ್ನೊಂದು ವರ್ಷದ ಹಿಂದಿನ ಇಸವಿ ಬರೆದಳು. ಕೆಳಗೆ ಸಹಿ ಹಾಕಿದಳು.

"ಅರ್ಜಿ ಹಾಳಾಯ್ತು," ಎಂದ ಗುಮಾಸ್ತ.

"ಅತ್ತಿಗೆ, ನಿನ್ನಿಂದ ಎಲ್ಲರ ಬಾಯಿಗೂ ಮಣ್ಣು!"

ಆಗ ಇಸ್ತ್ರಿಯವಳ ಬೆನ್ನಿಗೆ ಏನೋ ತಾಗಿತು. ಹಿಂದೆ ನಿಂತಿದ್ದ ಒಗೆಯುವವಳು ತನ್ನ ಅರ್ಜಿಯನ್ನು ಅವಳ ಬೆನ್ನ ಮೇಲಿಟ್ಟು ಬರೆಯತೊಡಗಿದ್ದಳು. ಬಟ್ಟೆಯ ಮೇಲಿಂದ ಪೆನ್ನಿನ ಮೊನೆ ಒಂದೊಂದೇ ಅಂಕಿಯಾಗಿ ಒತ್ತುತ್ತಿತ್ತು. ಇವತ್ತಿನ ತಾರೀಖೋ, ಹಳೆಯದೋ, ಅವಳಿಗೆ ತಿಳಿಯಲಿಲ್ಲ. ಅಕ್ಷರ ಸೊಟ್ಟಗಾಗದಿರಲೆಂದು ಉಸಿರು ಹಿಡಿದು ನಿಂತಳು.