ಪೆನ್‌ಹೇಲ್ ದೊರೆಯ ಪಟದ ಕೆಳಗೆ

ಸುಬ್ರಮಣಿ ಮಾಸ್ತರು ಕೆಂಪು ಪೆನ್ನಿನಿಂದ ಭಾಷಣದ ಕೊನೆಯ ಎರಡು ಸಾಲು ಹೊಡೆದುಹಾಕಿ, ಹಾಳೆಯನ್ನು ಮೀನಾಳ ಕೈಗಿಟ್ಟರು.

"ಇದಿಷ್ಟು ಬ್ಯಾಡ ಕಣಮ್ಮ. ದೊರೆ ಮೊಮ್ಮಗಳು ಆಸ್ಟ್ರೇಲಿಯಾದಿಂದ ಅಜ್ಜನ ಪಟ ನೋಡಕ್ ಬಂದವ್ರೆ. ಅವ್ರ ಮುಂದೆ ಇದೆಲ್ಲಾ ಯಾಕೆ? ಇದ್ನೂ ಓದ್ತೀನಿ ಅಂದ್ರೆ ಈಗ್ಲೇ ಹೇಳ್ಬುಡು, ಸುಮಲತ ಓದ್ತಾಳೆ."

ಮೀನಾ ತಾಯಿಯ ಕಡೆ ನೋಡಿದಳು. ಊರಿಗಾಂನ ಹಳೆಯ ಕಂಪನಿ ಕ್ಲಬ್ಬಿನ ಸಭಾಂಗಣವನ್ನು ಆಗಷ್ಟೇ ಗುಡಿಸಿ ಮುಗಿಸಿದ್ದ ಸೆಲ್ವಿ, ಪೊರಕೆಯನ್ನು ಬಾಗಿಲ ಹಿಂದೆ ಇಟ್ಟು, ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿದಳು.

ಹತ್ತು ದಿನದಿಂದ ಮೀನಾ ಒಲೆಯ ಪಕ್ಕ ಕೂತು ಆ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡಿ, ಅಮ್ಮನಿಗೂ ಅರ್ಥ ಹೇಳಿದ್ದಳು. ಮುದ್ದೆ ತೊಳಸುತ್ತಲೇ ಸೆಲ್ವಿಗೆ ಪೆನ್‌ಹೇಲ್ ದೊರೆಯ ಬದುಕೆಲ್ಲ ಗೊತ್ತಾಗಿತ್ತು. ಗಣಿಗಾರನ ಮಗ. ಊರಿಗಾಂ ಚಿನ್ನದ ಗಣಿಯಲ್ಲಿ ಆರು ವರ್ಷ ಕ್ಯಾಪ್ಟನ್, ಅಂದರೆ ಕೆಲಸಗಾರರ ಮೇಲಧಿಕಾರಿ, ಆಗಿದ್ದವನು. ತನ್ನ ದೇಶ ಆಸ್ಟ್ರೇಲಿಯಾಕ್ಕೆ ಹಿಂತಿರುಗಿ ಚುನಾವಣೆಗೆ ನಿಂತು, ಎರಡು ಸಲ ಸೋತು, ಮೂರನೆಯ ಸಲ ಗೆದ್ದ. ಮಂತ್ರಿಯಾದ. ಗಣಿಯವರಿಗೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂದು ಕಾನೂನು ತಂದಾಗ ಅಲ್ಲಿಯ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರಂತೆ.

"ಅಲ್ಲಿ ಎಂಟು ಗಂಟೆ, ಸರಿ. ಇಲ್ಲಿ?" ಎಂದು ಕೇಳಿದವಳು ಸೆಲ್ವಿಯೇ. ಆಮೇಲೆ ಟ್ರಂಕಿನಿಂದ ಕಡಗ ತೆಗೆದು ತೋರಿಸಿದಳು. ಅವಳ ಮುತ್ತಾತ ಕುಪ್ಪುಸ್ವಾಮಿ ಆ ದೊರೆಯ ಕೈಕೆಳಗೆ ದುಡಿದವನು. ಕೆಲಸಕ್ಕೆ ಸೇರಿದ ದಿನವೇ ಕೈಗೆ ನಂಬರಿನ ಕಡಗ ತೊಡಿಸಿ ಸೀಲು ಹಾಕಿದ್ದರು. ಸ್ನಾನಕ್ಕೂ ಬಿಚ್ಚುವಂತಿರಲಿಲ್ಲ. ಅವನು ಸತ್ತ ಮೇಲೆ ಹೆಂಡತಿಯೇ ಕತ್ತರಿಸಿ ತೆಗೆದಳಂತೆ. ಮೀನಾ ಭಾಷಣದ ಕೊನೆಗೆ ಬರೆದಿದ್ದು, ಈಗ ಮಾಸ್ತರು ಹೊಡೆದುಹಾಕಿದ್ದು ಇದನ್ನೇ.

"ಏನಮ್ಮಾ ಮಾಡ್ಲಿ?" ಹಾಳೆ ಹಿಡಿದುಕೊಂಡೇ ಮೀನಾ ಕೇಳಿದಳು. ಗಣಿ ಕೆಲಸಗಾರರ ಲೈನು ಮನೆಗಳಿಂದ ಈ ವೇದಿಕೆ ಹತ್ತುತ್ತಿದ್ದ ಮೊದಲ ಹುಡುಗಿ ಅವಳು.

"ಮಾಸ್ತರು ಬಿಟ್ಟಿರೋದ್ನ ಚೆನ್ನಾಗಿ ಓದು, ನನ್ ಕಣ್ಣು. ಹೊಡ್ದಾಕಿರೋದ್ನ ನಾನ್ ನೋಡ್ಕೋತೀನಿ."

ಸೆಲ್ವಿ ಮನೆಗೆ ಹೋಗಿ ಬರುವಷ್ಟರಲ್ಲಿ ಸಭೆ ಶುರುವಾಗಿತ್ತು. ಬಾಗಿಲಲ್ಲಿ ಸುಬ್ರಮಣಿ ತಡೆದರು. "ಟೀ ಕಪ್ಪು ತೊಳೆಯೋರು ಒರಗಡೆ, ಸೆಲ್ವಿ."

"ತೊಳೀತೀನಿ ಮಾಸ್ತರೆ, ಎಲ್ಲಾ ಮುಗ್ದ್ಮೇಲೆ. ನಿಮ್ದೂ ಸೇರ್ಸಿ."

ಮೀನಾ ಒಂದೂ ತಪ್ಪಿಲ್ಲದೆ ಓದಿದಳು. ಚಪ್ಪಾಳೆ ನಿಲ್ಲುವ ಮೊದಲೇ ಸೆಲ್ವಿ ಕುರ್ಚಿಗಳ ನಡುವಿನ ಹಾದಿಯಲ್ಲಿ ನಡೆದುಹೋಗಿ, ಸೆರಗಿನ ಗಂಟು ಬಿಚ್ಚಿ, ದೊರೆಯ ಪಟದ ಕೆಳಗೆ, ಹೂವಿನ ಪಕ್ಕದಲ್ಲಿ ಕಡಗ ಇಟ್ಟಳು.

"ಏಯ್, ಏನದು? ತಗಿ ಮೊದ್ಲು," ಸುಬ್ರಮಣಿ ಗದರಿದರು.

"ನಮ್ ಮುತ್ತಾತನ್ನ ಕರ್ಕೊಂಡ್ ಬಂದಿದೀನಿ ಮಾಸ್ತರೆ. ಅವಾಗ ಈ ಬಾಗ್ಲು ದಾಟೋ ಅಂಗಿರ್ಲಿಲ್ಲ ಅವ್ರು. ಇವತ್ತು ಇರ್ಲಿ."

ಮುಂದಿನ ಸಾಲಿನಿಂದ ದೊರೆಯ ಮೊಮ್ಮಗಳು ಕೋಲೂರಿಕೊಂಡು ಎದ್ದು ಬಂದು, ಇದೇನೆಂದು ಇಂಗ್ಲಿಷಿನಲ್ಲಿ ಮೀನಾಳನ್ನು ಕೇಳಿದಳು. ಮೀನಾ ಸುಬ್ರಮಣಿಯವರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಹಾಳೆಯನ್ನು ಮಡಿಸಿ, ಹೊಡೆದುಹಾಕಿದ್ದ ಆ ಎರಡು ಸಾಲನ್ನು ಸಭಾಂಗಣದ ಕೊನೆಯವರೆಗೂ ಕೇಳುವಂತೆ ಹೇಳಿದಳು.

ಮುದುಕಿ ಕನ್ನಡಕ ಏರಿಸಿ ಕಡಗವನ್ನು ಕೈಗೆತ್ತಿಕೊಂಡಳು. ನಂಬರಿನ ಮೇಲೆ ಬೆರಳಾಡಿಸಿದಳು. ಆಮೇಲೆ, ಕತ್ತರಿಸಿದ ಎರಡು ತುದಿಗಳನ್ನು ಒತ್ತಿ ಕೂಡಿಸಲು ನೋಡಿದಳು. ಬೆರಳು ಸಡಿಲಿಸಿದ ಕೂಡಲೇ ಅವು ಮತ್ತೆ ಅಗಲಿಕೊಂಡವು.