ಅರ್ಜಿದಾರರು ಗುರುತಿಸಿದ ಜಾಗ

ರಾಚಪ್ಪ ಸಾವ್ಕಾರನ ಟ್ರ್ಯಾಕ್ಟರು ಕೇರಿಯವರ ಸ್ಮಶಾನಕ್ಕೆ ಇಳಿದ ದಿನ ನೇಗಿಲಿಗೆ ಮೊದಲು ಸಿಕ್ಕಿದ್ದು ಹಸಿರು ಬಳೆ. ಆಮೇಲೆ ಬಳೆ ತೊಟ್ಟ ಕೈಯ ಎಲುಬು.

ಟ್ರ್ಯಾಕ್ಟರು ಹೊಡೆಯುತ್ತಿದ್ದ ಮುಕ್ತಾರ ಇಂಜಿನ್ ಬಂದ್ ಮಾಡಿ ಕೆಳಗಿಳಿದ.

"ಸಾವ್ಕಾರ್ರ, ಇದು ನನ್ ಕೈಲೆ ಆಗೂದಿಲ್ರಿ."

ಕೀಲಿಯನ್ನು ಒಡ್ಡಿನ ಮೇಲಿಟ್ಟು ಊರ ಕಡೆ ನಡೆದುಬಿಟ್ಟ. ಸಾವ್ಕಾರನ ಮಗ ಚೇತನಕುಮಾರ ತಾನೇ ಹತ್ತಿ ಕುಳಿತ. ಸಂಜೆಯೊಳಗೆ ಇಡೀ ದಿನ್ನೆ ಉತ್ತು ಮುಗಿಯಿತು.

ಬಾಗೇವಾಡಿ ಕಡೆಯ ಆ ಊರಿಗೆ ಕಾಲುವೆ ನೀರು ಬಂದ ಮೇಲೆ ಜಾಲಿ ಬೆಳೆದ ನೆಲಕ್ಕೂ ಬೆಲೆ ಬಂದಿತ್ತು. ಅದಕ್ಕೂ ಮೊದಲು ಆ ದಿನ್ನೆಯನ್ನು ಯಾರೂ ತಿರುಗಿ ನೋಡಿದವರಲ್ಲ. ಕೇರಿಯವರು ತಮ್ಮವರನ್ನು ಅಲ್ಲಿ ಹೂಳುತ್ತಿದ್ದರು. ಬೇವಿನ ಗಿಡದ ನೆರಳಿಗೆ ಸ್ವಲ್ಪ ಹೊತ್ತು ಕುಳಿತು, ಹಳ್ಳದಲ್ಲಿ ಕೈಕಾಲು ತೊಳೆದು ಮನೆಗೆ ಬರುತ್ತಿದ್ದರು. ಮುತ್ತಜ್ಜರ ಕಾಲದಿಂದ ಹೀಗೇ. ಅದಕ್ಕೊಂದು ಕಾಗದ ಮಾಡಿಸಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕೇಳಲು ಹೋದವನು ಸಿದ್ರಾಮ. ಕೇರಿಯಲ್ಲಿ ಯಾರು ಸತ್ತರೂ ಕುಣಿ ತೋಡುವವನು ಅವನೇ. ರಾಚಪ್ಪ ಕಟ್ಟೆಯ ಮೇಲಿಂದ ಏಳಲಿಲ್ಲ.

"ನಿಮ್ಮ ಹೆಸರಿನಾಗ ಉತಾರ ಐತೇನು? ತಂದು ತೋರ್ಸು. ಇಲ್ಲಂದ್ರ ಬಾಯಿ ಮುಚ್ಚು."

"ನಮ್ಮ ಹಿರ್ಯಾರು ಅಲ್ಲೇ ಅದಾರ್ರಿ ಸಾವ್ಕಾರ್ರ."

"ಹಂಗಂದ್ರ ಅವ್ರನ್ನ ಎಬ್ಬಿಸ್ಕೊಂಡು ಬಾ. ಸಾಕ್ಷಿ ಹೇಳ್ಲಿ."

ಕಟ್ಟೆಯ ಮೇಲಿದ್ದವರು ನಕ್ಕರು. ಸಿದ್ರಾಮ ಆ ನಗೆ ಮುಗಿಯುವ ತನಕ ನಿಂತಿದ್ದು ಹಿಂದಿರುಗಿದ. ವಾರದೊಳಗೆ ದಿನ್ನೆಯ ಮೇಲೆ ಕಬ್ಬು ನಾಟಿಯಾಯಿತು.

ಸಿದ್ರಾಮನ ತಂಗಿ ಶೆಟ್ಟೆವ್ವ. ಗಂಡನನ್ನು ಅದೇ ದಿನ್ನೆಯಲ್ಲಿ ಹೂತು ಬಂದವಳು. ಮಂದಿಯ ಹೊಲದಲ್ಲಿ ಕಳೆ ತೆಗೆದು ಮಗಳನ್ನು ಓದಿಸಿದವಳು. ಮಗಳು ಸಂಘಮಿತ್ರಾ ವಿಜಯಪುರದಲ್ಲಿ ಕಂಪ್ಯೂಟರ್ ಕಲಿತು, ತಾಲೂಕಿನ ಒಂದು ಸರಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದಳು. ಜನ ಮೊಬೈಲಿನಲ್ಲೇ ತುಂಬಿ ಕಳಿಸುವ ಅರ್ಜಿ ಫಾರ್ಮುಗಳನ್ನು ತಯಾರಿಸುವುದು ಅವಳ ಕೆಲಸ.

ಆ ವರ್ಷ ಕಚೇರಿಗೆ ಹೊಸದೊಂದು ಫಾರ್ಮು ಮಾಡುವ ಆದೇಶ ಬಂತು. ಸ್ಮಶಾನವಿಲ್ಲದ ಕೇರಿಗಳಿಗೆ ಜಾಗ ಕೇಳುವ ಅರ್ಜಿ. ಅದರಲ್ಲೊಂದು ಖಾನೆ: ಜಾಗದ ಸರ್ವೆ ನಂಬರು. ಅದನ್ನು ತುಂಬದೆ ಅರ್ಜಿ ಮುಂದಕ್ಕೆ ಹೋಗುವಂತಿರಲಿಲ್ಲ. ನಂಬರು ಕೈಯಲ್ಲಿದ್ದಿದ್ದರೆ ಯಾವ ಕೇರಿಯವರು ಅರ್ಜಿ ಹಾಕುತ್ತಿದ್ದರು?

"ಸರ್, ಇದ್ರಾಗ ಮ್ಯಾಪ್ ಕೂಡಸ್ತೇನ್ರಿ," ಎಂದಳು ಸಂಘಮಿತ್ರಾ ಕಚೇರಿಯ ಸಾಹೇಬನಿಗೆ. "ಮ್ಯಾಲಿಂದ ತಗದ ಚಿತ್ರ ಬರ್ತೈತಿ. ಜನ ತಮ್ಮ ಜಾಗಾದ ಮ್ಯಾಲ ಬೆರಳಿಟ್ರ ಕೆಂಪು ಗುರುತು ಬೀಳ್ತೈತಿ. ಅದು ಎಲ್ಲಿ ಬಿತ್ತು ಅನ್ನೂದು ಫಾರ್ಮಿನಾಗ ತಾನ ತುಂಬ್ಕೋತೈತಿ. ಅವ್ರು ಏನೂ ಬರಿಯೂದು ಬ್ಯಾಡ."

"ಹಳ್ಳ್ಯಾಗಿನ ಮಂದಿಗೆ ಇದು ತಿಳೀತೈತೇನು?" ಸಾಹೇಬ ಕೇಳಿದ.

"ತಮ್ಮ ಜಾಗಾ ಯಾರಿಗೆ ತಿಳಿಯೂದಿಲ್ರಿ?"

ಸಾಹೇಬನಿಗೆ ಮೇಲಿನವರ ಸಭೆಯಲ್ಲಿ ತೋರಿಸಲು ಏನಾದರೊಂದು ಬೇಕಿತ್ತು. ಒಪ್ಪಿದ. ಒಪ್ಪಿ, ಒಂದು ಮಾತು ಸೇರಿಸಿದ.

"ಜನ ಎಲ್ಲೆರೆ ತಪ್ಪು ಒತ್ತತಾರ. ನಾವು ಪರಿಶೀಲನೆ ಮಾಡೂ ಮುಂದ ಆ ಗುರುತು ಸರಿಸಾಕ ಬರೂಹಂಗ ಮಾಡು."

"ಮಾಡ್ತೇನ್ರಿ. ಆದ್ರ ಅವ್ರು ಮೊದ್ಲ ಒತ್ತಿದ್ದೂ ಹಂಗ ಉಳೀಲಿ ಸರ್. ಸರಿಸಿದವ್ರು ಯಾರು ಅನ್ನೂದೂ ಇರ್ಲಿ."

"ಅದೆಲ್ಲಾ ಯಾಕ ಬೇಕು? ಹೇಳಿದಷ್ಟು ಮಾಡು."

ಗುತ್ತಿಗೆಯವಳು. ಹೇಳಿದಷ್ಟು ಮಾಡಿದಳು.

ಫಾರ್ಮು ಜನರಿಗೆ ತೆರೆದ ಭಾನುವಾರ ಕೇರಿಯ ಬುದ್ಧವಿಹಾರದ ಅಂಗಳದಲ್ಲಿ ಎಲ್ಲರೂ ಅವಳ ಮೊಬೈಲಿನ ಸುತ್ತ ಸೇರಿದರು. ಮ್ಯಾಪು ತೆರೆಯಿತು. ಊರು ಕಂಡಿತು, ಗುಡಿ, ಶಾಲೆ, ಸಾವ್ಕಾರನ ವಾಡೆ.

"ಹದ್ದು ನೋಡಿದಂಗ ಕಾಣಸ್ತೈತಲ್ಲ ಇದು," ಎಂದ ಸಿದ್ರಾಮ. ಗಾಜಿಗೆ ತಾಕದ ಹಾಗೆ ಬೆರಳು ಎತ್ತಿ ಹಿಡಿದು ತೋರಿಸುತ್ತ ಹೋದ. "ಇದು ಹಳ್ಳ. ಇದು ಕಾಲುವಿ. ಇಗಾ, ನಮ್ಮ ಬೇವಿನ ಗಿಡ."

"ನೀ ಒತ್ತು ಯವ್ವಾ," ಎಂದಳು ಸಂಘಮಿತ್ರಾ ತಾಯಿಗೆ.

ಶೆಟ್ಟೆವ್ವ ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು. ಕೆಂಪು ಗುರುತು ಬಿದ್ದದ್ದು ಒಡ್ಡಿನಾಚೆ.

"ಅಯ್ಯ, ಅಲ್ಲಲ್ಲ."

"ಅಂಜಬ್ಯಾಡ. ಅದ್ರ ಮ್ಯಾಲ ಬೆರಳಿಟ್ಟು ಎಳಿ. ಬರ್ತೈತಿ."

ಶೆಟ್ಟೆವ್ವ ಮೆಲ್ಲಗೆ ಎಳೆದಳು. ಗುರುತು ಒಡ್ಡು ದಾಟಿ ಬಂದು ಬೇವಿನ ಬುಡಕ್ಕೆ ನಿಂತಿತು. ಅವಳು ಕೈ ತೆಗೆದು ಬಹಳ ಹೊತ್ತು ಅದನ್ನೇ ನೋಡಿದಳು.

"ನಿಮ್ಮಪ್ಪ ಇದ್ರ ಬಲಕ್ಕ ಅದಾನ," ಎಂದಳು.

ಅರ್ಜಿ ಶೆಟ್ಟೆವ್ವನ ಹೆಸರಿನಲ್ಲಿ ಹೋಯಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು: ಜಾಗ ಮಂಜೂರಾಗಿದೆ. ಶೆಟ್ಟೆವ್ವ ಕೇರಿಗೆಲ್ಲ ಬೆಲ್ಲ ಹಂಚಿದಳು. ಮಧ್ಯಾಹ್ನ ಗುತ್ತಿಗೆದಾರನ ಗಾಡಿ ಬಂದ ಸದ್ದು ಕೇಳಿ ಎಲ್ಲರೂ ದಿನ್ನೆಯ ಕಡೆ ಓಡಿದರು. ಗಾಡಿ ದಿನ್ನೆಯ ಹತ್ತಿರ ನಿಲ್ಲದೆ ಇನ್ನೂ ಕೆಳಗಿಳಿದು ಹಳ್ಳದಲ್ಲಿ ನಿಂತಿತ್ತು. ಆಳುಗಳು ನೀರು ಹರಿಯುವ ಉಸುಕಿನಲ್ಲೇ ಸಿಮೆಂಟ್ ಕಂಬ ನಡುತ್ತಿದ್ದರು. 'ಸಾರ್ವಜನಿಕ ಸ್ಮಶಾನ' ಎಂಬ ಬೋರ್ಡು ಆಗಲೇ ನಿಂತಿತ್ತು.

"ಇಲ್ಲಲ್ಲಪ್ಪಾ, ಮ್ಯಾಲ ಐತಿ ಜಾಗಾ," ಸಿದ್ರಾಮ ಕೂಗಿದ.

"ನಮಗೇನ್ ಗೊತ್ತು ಕಾಕಾ. ಮೊಬೈಲಿನಾಗ ಲೊಕೇಶನ್ ಇಲ್ಲೇ ತೋರ್ಸಾಕತ್ತೈತಿ."

ಸಂಘಮಿತ್ರಾ ಕಚೇರಿಯಲ್ಲಿ ಅರ್ಜಿ ತೆಗೆದು ನೋಡಿದಳು. ಕೆಂಪು ಗುರುತು ಹಳ್ಳದ ನಡುವೆ ನಿಂತಿತ್ತು. ಅವ್ವ ಒತ್ತಿದ್ದು ಎಲ್ಲಿಯೂ ಉಳಿದಿರಲಿಲ್ಲ. ಆದೇಶದಲ್ಲಿ ಹೀಗೆ ಬರೆದಿತ್ತು: 'ಅರ್ಜಿದಾರರು ನಕ್ಷೆಯಲ್ಲಿ ಗುರುತಿಸಿದ ಜಾಗವನ್ನೇ ಮಂಜೂರು ಮಾಡಲಾಗಿದೆ.'

ಅವಳು ನೇರ ಸಾಹೇಬನ ಕೋಣೆಗೆ ನುಗ್ಗಿದಳು. ಎದುರಿನ ಕುರ್ಚಿಯಲ್ಲಿ ರಾಚಪ್ಪ ಚಹಾ ಕುಡಿಯುತ್ತಿದ್ದ.

"ಸರ್, ಆ ಗುರುತು ಸರಿಸಿದವ್ರು ಯಾರ್ರಿ?"

"ಯಾರೂ ಸರಿಸಿಲ್ಲ. ನಿಮ್ಮವ್ವ ಒತ್ತಿದ್ದೇ ಐತಿ."

"ನಮ್ಮವ್ವ ಬೇವಿನ ಗಿಡದ ಬುಡಕ ಒತ್ತ್ಯಾಳ್ರಿ. ನಾ ಬಾಜೂಕ ಕುಂತಿದ್ನಿ."

"ಯಾವ ಗಿಡ?" ರಾಚಪ್ಪ ಚಹಾದ ಬಸಿಯನ್ನು ಕೆಳಗಿಟ್ಟ. "ಆ ಹೊಲದಾಗ ಗಿಡಾನ ಇಲ್ಲಲ್ಲ ತಂಗಿ. ಮೊನ್ನೆ ಬೇರಸಹಿತ ತಗಸೀನಿ."

"ಮ್ಯಾಪಿನಾಗ ಇನ್ನೂ ಐತಿ. ಬರ್ರಿ, ತೋರಸ್ತೇನಿ."

"ಅದು ಹಳೀ ಚಿತ್ರ," ಎಂದ ಸಾಹೇಬ. "ನೋಡವಾ, ನಿಮ್ಮ ಮಂದಿಗೆ ಸುಡುಗಾಡು ಬೇಕಿತ್ತು, ಸರಕಾರ ಕೊಟ್ಟೈತಿ. ಕಂಬಾನೂ ಹಾಕೈತಿ. ಮತ್ತೇನ್ ಬೇಕು?"

"ನೀರಿನಾಗ ಹೆಣ ಹೂಳಾಕ ಬರ್ತೈತೇನ್ರಿ?"

"ಮಳಿಗಾಲದಾಗ ಸಾಯಬ್ಯಾಡ ಅಂತ ಹೇಳು," ಎಂದ ರಾಚಪ್ಪ. ಅವನು ನಗಲಿಲ್ಲ. ತಮಾಷೆಗೆ ಹೇಳಿದ ಮಾತಲ್ಲ ಅದು.

ಸಂಘಮಿತ್ರಾ ದೂರು ಬರೆದು ಮೇಲಿನ ಕಚೇರಿಗೆ ಕಳಿಸಿದಳು. ಉತ್ತರ ಬರುವ ಮೊದಲೇ ಕೆಲಸ ಹೋಯಿತು. ಗುತ್ತಿಗೆ ಮುಗಿದಿದೆ ಎಂದರು. ಆಮೇಲೆ ಬಂದ ಉತ್ತರದಲ್ಲಿ ಹಳೆಯ ಮಾತೇ ಇತ್ತು: ಅರ್ಜಿದಾರರು ಗುರುತಿಸಿದ ಜಾಗ.

ಮಳೆ ಜೋರಾದ ದಿನಗಳಲ್ಲಿ ಸಿದ್ರಾಮನಿಗೆ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಬಾಗೇವಾಡಿಯ ದವಾಖಾನೆಯಿಂದ ತಿರುಗಿ ಕರೆತಂದ ಮರುದಿನ ಬೆಳಿಗ್ಗೆ ತೀರಿಕೊಂಡ. ಹಳ್ಳ ತುಂಬಿ ಹರಿಯುತ್ತಿತ್ತು. ಸರಕಾರ ಕೊಟ್ಟ ಸ್ಮಶಾನದಲ್ಲಿ ಕಂಬಗಳ ತುದಿ ಮಾತ್ರ ನೀರಿನ ಮೇಲಿತ್ತು. ಬೋರ್ಡು ಕಾಣುತ್ತಿರಲಿಲ್ಲ.

ಗಂಡಸರು ಗೋಡೆಗೆ ಒರಗಿ ನಿಂತು ಮಾತಾಡಿಕೊಂಡರು.

"ಅಗರಖೇಡಕ್ಕ ಒಯ್ಯೂಣು," ಎಂದ ಸಿದ್ರಾಮನ ಅಳಿಯ ಅನಿಲಕುಮಾರ. "ನಮ್ಮೂರಾಗ ಜಾಗಾ ಐತಿ. ಟೆಂಪೋ ಹೇಳ್ತೇನಿ."

ಹೆಣದ ತಲೆಯ ಹತ್ತಿರ ಕುಳಿತಿದ್ದ ಶೆಟ್ಟೆವ್ವ ತಲೆ ಎತ್ತಿದಳು.

"ಸತ್ತಮ್ಯಾಲೂ ನಮ್ಮಣ್ಣ ಬೀಗರ ಊರಿಗೆ ಹೋಗಿ ಬೀಳಬೇಕೇನು? ಈ ಊರಾಗ ಎಲ್ಲಾರಿಗೂ ಕುಣಿ ತೋಡ್ಯಾನ ಅವ. ಅವ್ನಿಗೊಂದು ಕುಣಿ ಇಲ್ಲ?"

"ಸಾವ್ಕಾರ ಬಿಡೂದಿಲ್ಲ, ಅತ್ತಿ."

"ಕೇಳಾಕ ಯಾರು ಹೊಂಟಾರ?"

ಅವಳು ಎದ್ದು ಮೂಲೆಯಲ್ಲಿದ್ದ ಅಣ್ಣನ ಸನಿಕೆ ತೆಗೆದುಕೊಂಡು ಹೊರಬಿದ್ದಳು. ಸಂಘಮಿತ್ರಾ ಕುಡುಗೋಲು ಹಿಡಿದು ಹಿಂದೆ ನಡೆದಳು. ಅವರ ಹಿಂದೆ ಕೇರಿಯ ಹೆಂಗಸರು. ಗಂಡಸರು ಹೆಣಕ್ಕೆ ಹೆಗಲು ಕೊಟ್ಟರು. ಊರ ಬಾಗಿಲಲ್ಲಿ ಮುಕ್ತಾರ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು ಮೆರವಣಿಗೆಗೆ ಸೇರಿಕೊಂಡ.

ದಿನ್ನೆಯ ಮೇಲೆ ಕಬ್ಬು ಎದೆಯುದ್ದ ಬೆಳೆದಿತ್ತು. ಹೆಂಗಸರು ಬೇಕಾದಷ್ಟು ಜಾಗದ ಕಬ್ಬನ್ನು ಸವರಿ ಬದುವಿಗೆ ಹಾಕಿದರು. ನೆನೆದ ಎರೆಮಣ್ಣು ಸನಿಕೆಗೆ ಅಂಟುತ್ತಿತ್ತು. ಕುಣಿ ಸೊಂಟದ ಮಟ್ಟಕ್ಕೆ ಬಂದಾಗ ಚೇತನಕುಮಾರ ಮೋಟರ್‌ಸೈಕಲ್ಲಿನಲ್ಲಿ ಬಂದ, ನೋಡಿದ, ಫೋನು ಕಿವಿಗಿಟ್ಟುಕೊಂಡು ತಿರುಗಿ ಹೋದ. ಯಾರೂ ಕೈ ನಿಲ್ಲಿಸಲಿಲ್ಲ.

ಸಿದ್ರಾಮನನ್ನು ಇಳಿಸಿ, ಬುದ್ಧವಂದನೆ ಹೇಳಿ, ಮಣ್ಣು ಮುಚ್ಚಿ ಮುಗಿಯುವುದಕ್ಕೂ ಪೊಲೀಸ್ ಜೀಪು ಬರುವುದಕ್ಕೂ ಸರಿಹೋಯಿತು. ಫೌಜದಾರನ ಹಿಂದೆ ರಾಚಪ್ಪ ಇದ್ದ.

"ಯಾರು ಹೇಳಿದ್ರು ಇಲ್ಲಿ ಹೂಳಾಕ?" ಫೌಜದಾರ ಕೇಳಿದ. "ನಿಮ್ಮ ಸುಡುಗಾಡು ಅಲ್ಲೈತಲ್ಲ. ನೀವ ಅರ್ಜಿ ಹಾಕಿ ತಗೊಂಡದ್ದು."

"ಅಲ್ಲಿ ಹೋಗಿ ನಿಂದರ್ರಿ ಸಾಹೇಬ್ರ," ಎಂದಳು ಸಂಘಮಿತ್ರಾ. "ನಿಂದರಾಕ ಬಂದ್ರ ಇವ್ನ ಎತ್ತಿ ಅಲ್ಲೇ ಹೂಳ್ತೀವಿ."

ಫೌಜದಾರ ಹಳ್ಳದ ಕಡೆ ನೋಡಿದ. ಕೆಂಪು ನೀರು ಸುತ್ತುತ್ತ ಹೋಗುತ್ತಿತ್ತು.

"ನೀ ಕಲ್ತಾಕಿ. ಕಾಯ್ದೆ ತಿಳದಾಕಿ. ಇವ್ರಿಗೆ ತಿಳಿಸಿ ಹೇಳೂದು ಬಿಟ್ಟು—"

"ತಿಳಿಸೇ ಕರ್ಕೊಂಡು ಬಂದೇನ್ರಿ."

"ಕಬ್ಬು ಕಡದಾರ, ಬರಕೊಳ್ರಿ. ಹೆಣ ಹೊರಗ ತಗಸ್ರಿ," ಎಂದ ರಾಚಪ್ಪ ಹಿಂದಿನಿಂದ.

"ಕೈ ಹಚ್ಚಿ ನೋಡು," ಎಂದಳು ಶೆಟ್ಟೆವ್ವ. ಇಷ್ಟು ವರ್ಷದಲ್ಲಿ ಅವಳು ಸಾವ್ಕಾರನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ರಾಚಪ್ಪ ಸುತ್ತ ನೋಡಿದ. ಕೂಲಿಗೆ ಬರುವ ಹೆಂಗಸರೇ ಎಲ್ಲರೂ. ಅವನ ಕಬ್ಬಿಗೆ ನೀರು ಬಿಟ್ಟವರು, ಕಳೆ ಕಿತ್ತವರು. ಒಬ್ಬಳೂ ಕಣ್ಣು ತಗ್ಗಿಸಲಿಲ್ಲ. ಅವನು ಮುಂದೆ ಬರಲಿಲ್ಲ.

ಫೌಜದಾರ ದನಿ ಏರಿಸಿದ.

"ಕುಣಿ ತೋಡಿದವ್ರು ಯಾರು? ನಡೀರಿ ಠಾಣೆಗೆ. ಜೀಪ್ ಹತ್ರಿ."

ಶೆಟ್ಟೆವ್ವ ಮುಂದೆ ಬಂದಳು. ಸಂಘಮಿತ್ರಾ ಬಂದಳು. ಅನಿಲಕುಮಾರ ಬಂದ. ಮುಕ್ತಾರ ಚಪ್ಪಲಿ ಕೈಯಲ್ಲಿ ಹಿಡಿದೇ ಬಂದ. ಕಬ್ಬು ಸವರಿದ ಹೆಂಗಸರು, ಹೆಗಲು ಕೊಟ್ಟ ಗಂಡಸರು, ಸೊಸೆಯಂದಿರ ಕೈಹಿಡಿದ ಮುದುಕಿಯರು, ಎಲ್ಲರೂ ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಜೀಪಿನ ಕಡೆ ನಡೆದರು.

"ಏ, ಎಲ್ಲಾರೂ ಅಲ್ಲ," ಎಂದ ಪೇದೆ ಬಾಗಿಲಿಗೆ ಅಡ್ಡ ನಿಂತು. "ಜಾಗಾ ಇಲ್ಲ ಇದ್ರಾಗ."

"ಜಾಗಾ ಇಲ್ಲಂದ್ರ ದೊಡ್ಡ ಗಾಡಿ ತರ್ರಿ," ಎಂದಳು ಶೆಟ್ಟೆವ್ವ. "ಅಲ್ಲೀತನ ಇಲ್ಲೇ ಕುಂತಿರ್ತೀವಿ."

ಹಾಗೆಂದು ಅವಳು ಅಣ್ಣನ ಹಸಿ ಮಣ್ಣಿನ ಪಕ್ಕ ಕುಳಿತಳು. ಕೇರಿಯವರೆಲ್ಲ ದಿನ್ನೆಯ ತುಂಬ ಕುಳಿತರು.